ಸರ್ವೇಯರ್ ಬೆಕ್ಕು

ಹುಳು ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತು. ರೇಷ್ಮೆ ಸಾಕಿದವರಿಗೆ ಈ ದಿನಗಳ ಕಷ್ಟ ಗೊತ್ತು. ನಾಲ್ಕು ಸಲ ಪೊರೆ ಬಿಟ್ಟು ಎದ್ದ ಹುಳು ಇನ್ನು ಏಳೆಂಟು ದಿನ ಹಗಲೂ ರಾತ್ರಿಯೂ ಸೊಪ್ಪು ಮೇಯುತ್ತದೆ, ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತದೆ. ಅಲ್ಲಿಯವರೆಗೆ ಕಾಯ್ದುಕೊಂಡರೆ ಬೆಳೆ ಕೈಗೆ ಬಂದಂತೆ. ಇಲ್ಲವಾದರೆ ಅಷ್ಟು ದಿನ ಬಗ್ಗಿ ಸೊಪ್ಪು ಕೊಯ್ದ ಸೊಂಟದ ನೋವೊಂದೇ ಉಳಿಯುವುದು. ದೇವನಹಳ್ಳಿ ಸೀಮೆಯ ಚನ್ನರಾಯಪಟ್ಟಣದ ಪಕ್ಕದ ಆ ಊರಿನಲ್ಲಿ ಮುನಿತಾಯಮ್ಮ ಮೂವತ್ತು ವರ್ಷದಿಂದ ಹುಳು ಕಾಯ್ದವಳು. ಅವತ್ತು ಬೆಳಿಗ್ಗೆ ಹುಳುಮನೆಯ ಬಾಗಿಲು ತೆಗೆದು ದೀಪ ಹಾಕಿದಾಗ, ಕೆಳಗಿನ ಅಟ್ಟಣೆಯ ಮೂಲೆಯಲ್ಲಿ ಅಂಗೈಯಗಲ ಜಾಗ ಬೋಳಾಗಿತ್ತು. ಹುಳು ಇಲ್ಲ, ಸೊಪ್ಪಿನ ಕಡ್ಡಿಗಳ ನಡುವೆ ಇಲಿಯ ಹಿಕ್ಕೆ.

ಹುಳುಮನೆಗೆ ಇಲಿ ಬಂದರೆ ಮದ್ದು ಹಾಕುವ ಮಾತಿಲ್ಲ. ಔಷಧಿ ಅನ್ನುವ ಹೆಸರಿನ ಯಾವುದನ್ನೂ ಮುನಿತಾಯಮ್ಮ ಆ ಕಡೆ ಸುಳಿಯಗೊಡುತ್ತಿರಲಿಲ್ಲ. ಸೊಳ್ಳೆಬತ್ತಿಯ ಹೊಗೆಗೂ ಒದ್ದಾಡುವ ಜೀವ ಅದು. ಅವಳ ಗಂಡ ರಾಮಾಂಜಿನಪ್ಪ ಒಂದು ಬೀಡಿ ಸೇದಬೇಕೆಂದರೆ ಬೇವಿನ ಮರ ದಾಟಿ ಹೊಲದ ಬದುವಿಗೇ ಹೋಗಬೇಕಿತ್ತು, ಸೇದಿ ಬಂದ ಮೇಲೆ ಚಿಕ್ಕ ಹುಡುಗನ ಹಾಗೆ ಹೆಂಡತಿಯ ಮುಂದೆ ಬಾಯಿ ಮುಕ್ಕಳಿಸಿ ತೋರಿಸಬೇಕಿತ್ತು. ಹಾಗಾಗಿ ಆ ಮನೆಯಲ್ಲಿ ಇಲಿಗೆ ಇದ್ದದ್ದು ಒಂದೇ ಉತ್ತರ, ಬೆಕ್ಕು. ಕೆಂಪಿ ಅನ್ನುವ ಹಳೆಯ ತಾಯಿ, ಅದರ ಇಬ್ಬರು ಹೆಣ್ಣುಮಕ್ಕಳು ಬೂದಿ ಮತ್ತು ಚುಕ್ಕಿ. ಮನೆಯೊಳಗೆ ಅವಕ್ಕೆ ಪ್ರವೇಶವಿಲ್ಲ, ಹುಳುಮನೆಯ ಮಾತಂತೂ ಕೇಳಲೇಬೇಡಿ. ಕಾಂಪೌಂಡಿನ ಮೇಲೆ, ಶೀಟಿನ ಮೇಲೆ, ಸೊಪ್ಪು ಹಾಕುವ ಕೋಣೆಯ ಮೆಟ್ಟಿಲ ಮೇಲೆ ಅವುಗಳ ಸಂಸಾರ. ಸಂಜೆ ಕಲ್ಲುಮರಿಗೆಯಲ್ಲಿ ಒಂದಿಷ್ಟು ಹಾಲನ್ನ ಬಿದ್ದರೆ ಸಾಕು, ರಾತ್ರಿಯೆಲ್ಲಾ ಪಹರೆ.

ಆ ಮೂರೂ ಈಗ ಎರಡು ದಿನದಿಂದ ಪತ್ತೆ ಇರಲಿಲ್ಲ. ಯಾರಿಂದ ಹೀಗಾಯಿತು ಅನ್ನುವುದೂ ಮುನಿತಾಯಮ್ಮನಿಗೆ ಗೊತ್ತಿತ್ತು.

ಎಲ್ಲಿಂದಲೋ ಒಂದು ಗಂಡು ಬೆಕ್ಕು ಬಂದು ಸೇರಿಕೊಂಡಿತ್ತು. ಬಿಳಿ ಮೈಗೆ ಬೂದು ಮಚ್ಚೆ, ಅದೂ ಕೊಳೆಯಲ್ಲಿ ಮುಚ್ಚಿಹೋಗಿತ್ತು. ಒಂದು ಕಿವಿ ಹರಿದಿತ್ತು, ದಪ್ಪ ತಲೆ, ಆ ತಲೆಯನ್ನು ಯಾವಾಗಲೂ ಒಂದು ಕಡೆಗೆ ವಾಲಿಸಿಕೊಂಡೇ ನೋಡುತ್ತಿತ್ತು. ಬಂದ ದಿನವೇ ಹುಳುಮನೆಯ ನಾಲ್ಕು ಮೂಲೆಗೂ, ಕೊಟ್ಟಿಗೆಯ ಕಂಬಕ್ಕೂ, ರಾಮಾಂಜಿನಪ್ಪನ ಮೊಪೆಡ್ಡಿನ ಚಕ್ರಕ್ಕೂ ಬಾಲವೆತ್ತಿ ಚಿಮುಕಿಸಿ ತನ್ನ ಗಡಿ ಗುರುತು ಮಾಡಿಕೊಂಡಿತು. ಹಿಂದಿನ ತಿಂಗಳು ಜಮೀನು ಅಳೆಯಲು ಬಂದವರು ಕಲ್ಲುಕಲ್ಲಿಗೆ ಕೆಂಪು ಬಣ್ಣ ಬಳಿದು ಹೋಗಿದ್ದನ್ನು ಊರವರು ಇನ್ನೂ ಮರೆತಿರಲಿಲ್ಲ. ರಾಮಾಂಜಿನಪ್ಪ ಬೆಕ್ಕಿಗೆ ಸರ್ವೇಯರ್ ಎಂದು ಹೆಸರಿಟ್ಟ. ಹೆಸರು ಎಷ್ಟು ಚೆನ್ನಾಗಿ ಒಪ್ಪಿತೆಂದರೆ, ಬೀದಿಯವರೆಲ್ಲಾ ಅದನ್ನು ಹಾಗೆಯೇ ಕರೆದು, ಹಾಗೆಯೇ ಬೈದು, ಮನಸ್ಸಿಗೆ ಸ್ವಲ್ಪ ಸಮಾಧಾನ ತಂದುಕೊಂಡರು.

ಈ ಸರ್ವೇಯರ್ ಅಳತೆ ಮುಗಿಸಿ ಹೋಗುವ ಜಾತಿಯದಲ್ಲ. ಹಾಲನ್ನದ ಮರಿಗೆಗೆ ಮೊದಲು ತಾನೇ ಬಾಯಿ ಹಾಕುವುದು, ಬೇರೆ ಯಾವುದಾದರೂ ಹತ್ತಿರ ಬಂದರೆ ಗುರುಗುಟ್ಟಿ ಮೇಲೆ ಬೀಳುವುದು. ಚುಕ್ಕಿಯನ್ನು ಹುಣಸೆ ಮರದ ತುದಿಗೆ ಅಟ್ಟಿತು. ಕೆಂಪಿ ಹಳಬಳು, ತನ್ನ ಜಾಗ ಬಿಡಲಿಲ್ಲ, ಎದುರು ನಿಂತಳು. ಬೆನ್ನಿನ ಮೇಲೆ ಎರಡು ಬೆರಳುದ್ದ ಸೀಳಿಸಿಕೊಂಡು ಹೋದವಳು ಮತ್ತೆ ಬರಲಿಲ್ಲ. ಪಹರೆಯವರಿಲ್ಲದ್ದು ಇಲಿಗಳಿಗೆ ತಿಳಿಯಲು ಎಷ್ಟು ಹೊತ್ತು ಬೇಕು?

ಮುನಿತಾಯಮ್ಮ ತಿಂಡಿಯನ್ನೂ ತಿನ್ನದೆ ಗಂಡನನ್ನು ಕೂರಿಸಿಕೊಂಡು ಹೇಳಿದಳು. ಇನ್ನು ಆರು ದಿನ. ಆರು ದಿನದಲ್ಲಿ ಕೆಂಪಿ ವಾಪಸು ಬರಬೇಕು, ಅದು ಬರಬೇಕಾದರೆ ಇದು ಹೋಗಬೇಕು. ಹುಳು ಹಣ್ಣಾಗುವ ದಿನ ಇಲಿ ನುಗ್ಗಿದರೆ ಗೂಡು ಕಟ್ಟಿಸುವ ಚಂದ್ರಿಕೆ ತಟ್ಟಿಗೆ ಹಾಕಲು ಏನೂ ಉಳಿಯುವುದಿಲ್ಲ. ರಾಮಾಂಜಿನಪ್ಪ ಎಲ್ಲಕ್ಕೂ ಹೂಂಗುಟ್ಟಿದ. ಒಂದು ಚೊಂಬು ನೀರು, ಒಂದು ಕೋಲು ಹಿಡಿದು ಮೆಟ್ಟಿಲ ಮೇಲೆ ಕಾವಲು ಕೂತ. ಸರ್ವೇಯರ್ ಗೋಡೆಯ ಮೇಲೆ ಬಂದು, ಚೊಂಬನ್ನೂ ಕೋಲನ್ನೂ ವಾಲಿದ ತಲೆಯಿಂದ ನೋಡಿ, ಅವನು ಎಸೆದ ನೀರು ತನಗೆ ಮುಟ್ಟುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಅಲ್ಲೇ ಕೂತು ಮುಂಗಾಲು ನೆಕ್ಕಿಕೊಂಡಿತು.

ಮಧ್ಯಾಹ್ನ ಸೊಸೆ ಹರ್ಷಿತ ಕೆಲಸದಿಂದ ಬಂದಳು. ಏರ್‌ಪೋರ್ಟಿನ ಸರಕು ವಿಭಾಗದ ಒಂದು ಆಫೀಸಿನಲ್ಲಿ ಅವಳಿಗೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ, ಬೆಳಗಿನ ಪಾಳಿ. ಅತ್ತೆ ಮಾವ ಇಬ್ಬರ ದೂರನ್ನೂ ಕೇಳಿಕೊಂಡು, ಊಟ ಮಾಡುತ್ತಲೇ ಎರಡು ಮಾತು ಹೇಳಿದಳು. ಒಂದು, ಮರಿಗೆಯಲ್ಲಿ ಅನ್ನ ಉಳಿಸಬಾರದು. ಬೆಳಕಿರುವಾಗ ಹಾಕಿ, ನಮ್ಮವು ತಿಂದ ತಕ್ಷಣ ತೊಳೆದು ಕವುಚಬೇಕು, ಅದು ಮೂತ್ರ ಹೊಯ್ದ ಕಡೆಯೆಲ್ಲಾ ತಿಕ್ಕಿ ತೊಳೆಯಬೇಕು. ಇದನ್ನು ಮುನಿತಾಯಮ್ಮ ಒಪ್ಪಿದಳು. ಎರಡನೆಯದಕ್ಕೆ ಇಬ್ಬರೂ ತುತ್ತು ನಿಲ್ಲಿಸಿದರು.

"ಅದಕ್ಕೆ ಬೀಜ ಒಡಿಸ್ಬಿಡಿ ಮಾವ. ಸುಮ್ನಾಗುತ್ತೆ."

ರಾಮಾಂಜಿನಪ್ಪ ಜೀವಮಾನದಲ್ಲಿ ಎಷ್ಟೋ ಹೋರಿಗಳನ್ನು ಕೆಡವಿ ಹಿಡಿದು ಆ ಕೆಲಸ ಮಾಡಿಸಿದವನು. ಆದರೆ ಬೆಕ್ಕಿಗೆ ಅನ್ನುವುದನ್ನು ಕೇಳಿ ಕೆಮ್ಮು ಬರುವವರೆಗೂ ನಕ್ಕ.

"ಹೋರಿಗಾದ್ರೆ ನೇಗಿಲು ಕಟ್ಬೋದು. ಈ ಕೊತ್ತಿಗೆ ಏನಮ್ಮ ಕಟ್ಟೋದು?"

ಹರ್ಷಿತ ನಗಲಿಲ್ಲ. ಇಲ್ಲೇ ಹತ್ತಿರದ ವಿಜಯಪುರದಲ್ಲಿ ಪ್ರಾಣಿಗಳ ಡಾಕ್ಟರೊಬ್ಬರಿದ್ದಾರೆ, ನಾಯಿ ಬೆಕ್ಕಿಗೆ ದಿನಾ ಮಾಡುತ್ತಾರೆ, ತನ್ನ ಜೊತೆ ಕೆಲಸ ಮಾಡುವವಳು ಮಾಡಿಸಿದ್ದಾಳೆ ಎಂದು ಹೇಳಿ ತಟ್ಟೆ ಎತ್ತಿಕೊಂಡು ಹೋದಳು. ಮಾವ ಅದನ್ನು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಟ್ಟ. ಸಂಜೆ ಕೊಟ್ಟಿಗೆಯ ಹುಲ್ಲಿನ ಮೇಲೆ ಮಲಗಿದ್ದ ಸರ್ವೇಯರ್ ಮೇಲೆ ಹಿಂದಿನಿಂದ ಗೋಣಿಚೀಲ ಕವುಚಿ, ಬಾಯಿ ಬಿಗಿದು, ಮೊಪೆಡ್ಡಿನಲ್ಲಿಟ್ಟುಕೊಂಡು ಕೆರೆ ದಾಟಿ, ಅದರಾಚೆಯ ನೀಲಗಿರಿ ತೋಪಿನಲ್ಲಿ ಬಿಟ್ಟು ಬಂದ. ನೀರು ದಾಟಿಸಿದ ಬೆಕ್ಕು ಮನೆಗೆ ದಾರಿ ಹಿಡಿಯುವುದಿಲ್ಲವೆಂದು ಅವನಿಗೆ ಅವನಪ್ಪ ಹೇಳಿಕೊಟ್ಟಿದ್ದ. ವಾಪಸು ಬಂದಾಗ ಯುದ್ಧ ಗೆದ್ದವನ ಹಾಗೆ ಹೆಂಡತಿಯ ಹತ್ತಿರ ಎರಡು ಬೀಡಿ ಒಟ್ಟಿಗೇ ಕೇಳಿದ.

ಮೂರನೇ ದಿನ ಬೆಳಿಗ್ಗೆ ಸರ್ವೇಯರ್ ಕಾಂಪೌಂಡಿನ ಮೇಲೆ ಕೂತಿತ್ತು. ಅಷ್ಟರಲ್ಲಿ ಇಲಿಗಳು ಎರಡನೇ ಅಟ್ಟಣೆಗೂ ಹತ್ತಿದ್ದವು. ಇಟ್ಟಿದ್ದ ಬೋನಿಗೆ ಬಿದ್ದದ್ದು ಒಂದೇ ಒಂದು ಸುಂಡಿಲಿ. ಬೂದಿ ಒಮ್ಮೆ ಮುಖ ತೋರಿಸಿ ಹೋಗಿತ್ತು, ಕೆಂಪಿಯ ಸುಳಿವಿರಲಿಲ್ಲ. ಮುನಿತಾಯಮ್ಮನಿಗೆ ಅಳು ಬರುವಷ್ಟು ಸಿಟ್ಟು ಬಂತು. ಬೆಕ್ಕಿನ ಮೇಲೆ ಸ್ವಲ್ಪ, ಗಂಡನ ಮೇಲೆ ಜಾಸ್ತಿ. ಹಣ್ಣಾಗಲು ಇನ್ನು ಮೂರೇ ದಿನ. ಗಂಡಸರ ಕೈಗೆ ಕೊಟ್ಟ ಕೆಲಸ ಎಂದು ಗೊಣಗಿಕೊಂಡು ಅವಳೇ ಹೊರಟಳು.

ಅವಳು ಹಿಡಿದ ರೀತಿಯನ್ನು ಹೇಳಬೇಕು. ಹುಳುಮನೆಯಿಂದ ದೂರ, ಕೊಟ್ಟಿಗೆಯ ಹಿಂದೆ, ದೊಡ್ಡ ಮಂಕರಿಯನ್ನು ಬೋರಲು ಹಾಕಿ ಒಂದು ಅಂಚನ್ನು ಗೇಣುದ್ದದ ಕಡ್ಡಿಯ ಮೇಲೆ ನಿಲ್ಲಿಸಿದಳು. ಕಡ್ಡಿಗೆ ಹಗ್ಗ, ಮಂಕರಿಯ ಕೆಳಗೆ ಒಡೆದ ಎರಡು ಮೊಟ್ಟೆ. ಹಗ್ಗದ ತುದಿ ಹಿಡಿದು ಹುಲ್ಲಿನ ಮೆದೆಯ ಮರೆಯಲ್ಲಿ ಕೂತು ಸೊಪ್ಪಿನ ಕಡ್ಡಿ ಸಿಗಿಯುತ್ತಿದ್ದಳು, ಬೆಕ್ಕಿನ ಕಡೆ ನೋಡಲೇ ಇಲ್ಲ. ತಲೆಯ ಮೇಲೆ ಒಂದರ ಹಿಂದೊಂದು ವಿಮಾನ ಇಳಿದವು. ಅರ್ಧ ಗಂಟೆಯ ಮೇಲೆ ಮೊಟ್ಟೆ ನೆಕ್ಕುವ ಸದ್ದು ಕೇಳಿ ಹಗ್ಗ ಎಳೆದಳು. ಮಂಕರಿ ನೆಲ ಬಿಟ್ಟು ಕುಣಿಯಿತು, ಅವಳು ಅದರ ಮೇಲೆ ಕೂತಳು. ಕೂತಲ್ಲಿಂದಲೇ ಗಂಡನನ್ನು ಕೂಗಿದಳು.

ಇಬ್ಬರೂ ಸೇರಿ ಅದನ್ನು ಟೊಮೆಟೊ ಕ್ರೇಟಿಗೆ ದಾಟಿಸಿದರು. ಒಂದು ಕ್ರೇಟಿನ ಮೇಲೆ ಇನ್ನೊಂದನ್ನು ಬೋರಲು ಹಾಕಿ ತಂತಿ ಬಿಗಿದಾಗ ಒಳ್ಳೆಯ ಪಂಜರವೇ ಆಯಿತು. ಇನ್ನೇನು ವಿಜಯಪುರಕ್ಕೇ ಸರಿ, ಸೊಸೆ ಹೇಳಿದ ಹಾಗೇ ಆಗಲಿ ಎಂದು ರಾಮಾಂಜಿನಪ್ಪ ಸೋಲೊಪ್ಪಿಕೊಂಡ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮುನಿತಾಯಮ್ಮ ಕ್ರೇಟಿನ ಕಿಂಡಿಗಳ ಒಳಗೆ ನೋಡಿದಳು, ಶತ್ರುವನ್ನು ಒಮ್ಮೆ ಸರಿಯಾಗಿ ನೋಡುವ ಆಸೆಯಿಂದ. ಆಗ ಅವಳಿಗೆ ಅದರ ಕತ್ತು ಕಂಡಿತು.

ಕತ್ತಿನ ಸುತ್ತಲೂ ಕೂದಲಿರಲಿಲ್ಲ. ಚರ್ಮ ಒಡೆದು ಕೀವು ಒಸರುತ್ತಿತ್ತು, ಗಾಯದ ಮೇಲೆ ನೊಣ. ಮಾಂಸ ಎರಡೂ ಕಡೆಯಿಂದ ಉಬ್ಬಿ ನಡುವೆ ಒಂದು ಗೀರಾಗಿತ್ತು. ಆ ಗೀರಿನೊಳಗೆ, ಗಂಟಲ ಪಕ್ಕದಲ್ಲಿ ಮಾತ್ರ ಸ್ವಲ್ಪ ಹೊರಗೆ, ಒಂದು ದಾರ. ಮೂರೆಳೆಯ ದಾರ, ಒಂದೆಳೆಗೆ ಅರಿಶಿನ.

ಆ ಹೊಸೆತ ಯಾರದೆಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಅವಳ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಒಂದು ಪದ್ಧತಿ. ಬೆಕ್ಕಿನ ಮರಿಯನ್ನು ಬೇರೆಯವರ ಮನೆಗೆ ಕೊಡುವಾಗ ಬರಿ ಕತ್ತಿನಲ್ಲಿ ಕಳಿಸುವಂತಿಲ್ಲ. ಚಿಟ್ಟೆ ಕೊರೆದು ಹೋದ ಗೂಡಿನಿಂದ ಎಳೆ ತೆಗೆದು, ತೊಡೆಯ ಮೇಲಿಟ್ಟು ಹೊಸೆದು, ಒಂದೆಳೆಗೆ ಅರಿಶಿನ ಹಚ್ಚಿ, ದೃಷ್ಟಿಯಾಗದಿರಲೆಂದು ಕಟ್ಟಿ ಕಳಿಸುವುದು. ಹುಳುಮನೆ ಕಾಯ್ದವರ ಮಗು, ರೇಷ್ಮೆ ಉಟ್ಟು ಗಂಡನ ಮನೆಗೆ ಹೋಗಲಿ ಎಂದು ಅತ್ತೆ ತಮಾಷೆ ಮಾಡುತ್ತಿದ್ದರು. ಮುನಿತಾಯಮ್ಮನಿಗೆ ಆ ದಾರದ ಮೇಲೆ ಬಹಳ ಜಂಬ. ಬೇರೆಯವರ ನೂಲಿನ ದಾರ ಎರಡು ಮಳೆಗೆ ಕೊಳೆತು ಬೀಳುತ್ತದೆ, ನನ್ನದು ಬೀಳಲಿ ನೋಡೋಣ ಎಂದು ಎಷ್ಟೋ ಸಲ ಹೇಳಿದ್ದಳು. ಎರಡು ವರ್ಷದ ಹಿಂದೆ ಕೆಂಪಿಯ ಒಂದು ಮರಿಯನ್ನು, ಬಿಳಿಗೆ ಬೂದು ಮಚ್ಚೆಯದು, ರಸ್ತೆ ಕಡೆಯ ನರಸಿಂಹಯ್ಯನ ಮನೆಗೆ ಕೊಟ್ಟಿದ್ದಳು. ಆರು ತಿಂಗಳಿಗೆಲ್ಲಾ ನರಸಿಂಹಯ್ಯ ಜಮೀನು ಮನೆ ಮಾರಿ ದೇವನಹಳ್ಳಿಗೆ ಹೋದ, ಬೆಕ್ಕು ಮಾರಿದ ಮನೆಯಲ್ಲೇ ಉಳಿಯಿತು. ಜೆಸಿಬಿ ಬಂದು ಮನೆ ಕೆಡವಿತು, ಲೇಔಟಿನ ಕಲ್ಲು ನೆಟ್ಟರು. ಮರಿ ಏನಾಯಿತೆಂದು ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಮರಿ ಬೆಳೆದಿತ್ತು, ದಾರ ಬೆಳೆದಿರಲಿಲ್ಲ.

ಮುನಿತಾಯಮ್ಮ ಕ್ರೇಟನ್ನು ತಾನೇ ಎತ್ತಿಕೊಂಡಳು. ಗಂಡನಿಗೆ ಏನೂ ಹೇಳಲಿಲ್ಲ.

ಮೊಪೆಡ್ಡಿನ ಹಿಂದೆ ಕ್ರೇಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ದಾರಿಯುದ್ದಕ್ಕೂ ರಾಮಾಂಜಿನಪ್ಪ, ಅವನಿಗೂ ಈಗ ಗಾಯ ಕಂಡಿದ್ದರಿಂದ, ಕಟ್ಟಿದವನ ವಂಶವನ್ನೇ ಹಿಡಿದು ಬೈದ. ಯಾವನೋ ಕಟುಕ, ಅವನ ಕೈ ಕೊಳೆತುಹೋಗಲಿ, ತನ್ನ ಮಗುವಿನ ಕತ್ತಿಗೆ ಕಟ್ಟುತ್ತಿದ್ದನಾ ಎಂದ. ಮುನಿತಾಯಮ್ಮ ಕ್ರೇಟಿನೊಳಗೇ ನೋಡುತ್ತಿದ್ದಳು. ಗಾಳಿಗೆ ಬೆಕ್ಕು ಒಂದು ಮೂಲೆಗೆ ಮುದುಡಿಕೊಂಡಿತ್ತು, ವಾಲಿದ ತಲೆ ಹಾಗೇ ವಾಲಿತ್ತು. ಎದುರಿಗೆ ಬಂದವರನ್ನೆಲ್ಲಾ ಯಾಕೆ ಕಚ್ಚುತ್ತಿತ್ತೆಂದು ಅವಳಿಗೆ ಈಗ ತಿಳಿಯಿತು. ಕತ್ತಿಗೆ ಬಿಗಿದ ದಾರದಲ್ಲಿ ಒಂದೂವರೆ ವರ್ಷ ಬದುಕಿದ್ದರೆ ತಾನೂ ಕಚ್ಚುತ್ತಿದ್ದೆ ಅನ್ನಿಸಿತು. ಹುಟ್ಟಿದ ಮನೆಯ ಬಾಗಿಲಿಗೇ ಬಂದಿತ್ತು, ಗುರುತು ಬಂದೋ ಬರದೆಯೋ ಯಾರಿಗೆ ಗೊತ್ತು. ಇವರು ಚೊಂಬು ಕೋಲು ಹಿಡಿದು ಕೂತಿದ್ದರು.

ಡಾಕ್ಟರು ವಯಸ್ಸಿನಲ್ಲಿ ಹರ್ಷಿತಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬಹುದು. ಸೂಜಿ ಚುಚ್ಚಿ ಮಲಗಿಸಿ, ಕೂದಲು ಬೋಳಿಸಿ, ಚಿಮಟದಲ್ಲಿ ದಾರವನ್ನು ಎಳೆಎಳೆಯಾಗಿ ಬಿಡಿಸಿದಳು. ಬಹಳ ಹೊತ್ತು ಹಿಡಿಯಿತು. ಕೊನೆಗೆ ರಕ್ತ ಮೆತ್ತಿದ ದಾರವನ್ನು ತಟ್ಟೆಯಲ್ಲಿಟ್ಟು, ಇನ್ನೊಂದು ತಿಂಗಳು ಬಿಟ್ಟಿದ್ದರೆ ಉಸಿರುಕೊಳವೆಗೇ ಹೋಗುತ್ತಿತ್ತು ಎಂದಳು. ನೈಲಾನೂ ಅಲ್ಲ, ನೂಲೂ ಅಲ್ಲ, ಇಷ್ಟು ಗಟ್ಟಿ ಇದೇನು ಎಂದು ತಿರುಗಿಸಿ ನೋಡಿದಳು.

"ಯಾರಮ್ಮ ಇದನ್ನ ಕಟ್ಟಿದ್ದು?"

"ನಾನೇ ಕಣಮ್ಮ," ಎಂದಳು ಮುನಿತಾಯಮ್ಮ. "ಒಳ್ಳೇದಾಗ್ಲಿ ಅಂತ ಕಟ್ಟಿದ್ದು."

ರಾಮಾಂಜಿನಪ್ಪ ಬಾಗಿಲ ಹತ್ತಿರ ನಿಂತಿದ್ದ. ದಾರಿಯಲ್ಲಿ ಆಡಿದ್ದೆಲ್ಲಾ ನೆನಪಾಯಿತೋ ಏನೋ, ಹೊರಗೆ ಹೋಗಿ ಮೊಪೆಡ್ಡಿನ ಕನ್ನಡಿ ಒರೆಸುತ್ತಾ ನಿಂತ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಮುನಿತಾಯಮ್ಮನಿಗೆ ಹಗುರಾಗುತ್ತಿತ್ತು. ಬಂದ ಕೆಲಸವನ್ನೂ ಮುಗಿಸಿಕೊಟ್ಟು, ಗಾಯಕ್ಕೆ ಮುಲಾಮು, ಗುಳಿಗೆ ಬರೆದು, ಜಗಳದ ಬುದ್ಧಿ ಇಳಿಯಲು ಒಂದು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಬೇರೆ ಬೆಕ್ಕುಗಳ ಜೊತೆ ಒಟ್ಟಿಗೆ ಅನ್ನ ಹಾಕಬೇಡಿ ಎಂದಳು.

ಅದನ್ನು ಕೊಟ್ಟಿಗೆಯ ಮೂಲೆಯಲ್ಲಿ ತಂತಿಬಲೆ ಕಟ್ಟಿ ಇಟ್ಟರು. ಮೊದಲ ದಿನ ಮುನಿತಾಯಮ್ಮ ಮುಲಾಮು ಹಚ್ಚಲು ಹೋಗಿ ಮುಂಗೈ ಪರಚಿಸಿಕೊಂಡಳು. ಎರಡನೆಯ ದಿನ ಅದು ಬರಿ ಗುರುಗುಟ್ಟಿತು. ಸರ್ವೇಯರ್ ಒಳಗಿದೆ ಎಂಬ ಸುದ್ದಿ ಹೇಗೆ ಹರಡಿತೋ, ಆ ಸಂಜೆ ಬೂದಿ, ಅದರ ಹಿಂದೆ ಚುಕ್ಕಿ, ಮಾರನೆಯ ಬೆಳಿಗ್ಗೆ ಕೆಂಪಿ ಶೀಟಿನ ಮೇಲೆ ಕಾಣಿಸಿದವು. ಕೆಂಪಿ ಸೊರಗಿದ್ದಳು, ಬೆನ್ನಿನ ಗಾಯಕ್ಕೆ ಹಕ್ಕಳೆ ಕಟ್ಟಿತ್ತು. ಬೆಳಕಿರುವಾಗಲೇ ಹಾಕಿದ ಹಾಲನ್ನ ತಿಂದಳು. ಬೆಳಗಾದಾಗ ಹುಳುಮನೆಯ ಹೊಸಲಿನ ಮೇಲೆ ಎರಡು ಇಲಿ ಸಾಲಾಗಿ ಮಲಗಿಸಿದ್ದಳು. ಒಳಗೆ ಹೋಗಿ ನೋಡಿದರೆ ಅಟ್ಟಣೆಯಲ್ಲಿ ಹೊಸ ಜಾಗ ಒಂದೂ ಬೋಳಾಗಿರಲಿಲ್ಲ.

ಅವತ್ತೇ ಹುಳು ಹಣ್ಣಾದವು. ಮೈ ಜೇನಿನ ಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು ತಲೆ ಎತ್ತಿ ತೂಗಾಡತೊಡಗಿದವು. ಹರ್ಷಿತ ರಜೆ ಹಾಕಿದಳು, ಅಕ್ಕಪಕ್ಕದ ಮನೆಯವರು ಬಂದರು, ಸಂಜೆಯೊಳಗೆ ಎಲ್ಲವನ್ನೂ ಆಯ್ದು ಚಂದ್ರಿಕೆಗೆ ಹಾಕಿದರು. ಎರಡು ಅಟ್ಟಣೆಯಲ್ಲಿ ಇಲಿ ತಿಂದದ್ದು ಬಿಟ್ಟರೆ ಬೆಳೆ ಪೂರಾ ಉಳಿದಿತ್ತು. ರಾಮಾಂಜಿನಪ್ಪ ಎಲ್ಲರಿಗೂ ಕೇಳುವ ಹಾಗೆ, ಇದೆಲ್ಲಾ ತನ್ನ ಸೊಸೆಯ ಬುದ್ಧಿ ಎಂದ. ಎಲ್ಲರೂ ಹೊಗಳುವಾಗ ಮುನಿತಾಯಮ್ಮ ಮಾತ್ರ ಗಟ್ಟಿಯಾಗಿ ನಗಲಾರದೆ ಹೋದಳು. ಕೈ ಹುಳು ಆಯುತ್ತಿದ್ದರೂ ಮನಸ್ಸು ಬೇರೆಯದೇ ಲೆಕ್ಕದಲ್ಲಿತ್ತು. ಕೆಂಪಿಯದು, ಅದಕ್ಕೂ ಮೊದಲಿನ ಬೆಕ್ಕಿನದು, ಯಾವ ಯಾವ ಮನೆಗೆ ಮರಿ ಕೊಟ್ಟೆ?

ಗೂಡು ಕಟ್ಟುವ ನಾಲ್ಕು ದಿನ ಹುಳುಮನೆಯಲ್ಲಿ ಕೆಲಸವಿಲ್ಲ. ಸಾಮಾನ್ಯವಾಗಿ ಆ ದಿನಗಳಲ್ಲಿ ಮುನಿತಾಯಮ್ಮ ಮಲಗಿ ನಿದ್ದೆಯ ಸಾಲ ತೀರಿಸುತ್ತಾಳೆ. ಈ ಸಲ ಮೊದಲನೆಯ ದಿನವೇ, ಮಧ್ಯಾಹ್ನ ಹರ್ಷಿತ ಬರುವುದನ್ನೇ ಕಾಯ್ದು, ಅವಳ ಸ್ಕೂಟರಿನ ಹಿಂದೆ ಹತ್ತಿದಳು. ಎಲ್ಲಿಗೆ ಅತ್ತೆ ಎಂದು ಕೇಳಿದ್ದಕ್ಕೆ, ಮೊದಲು ಆಚೆ ಊರಿನ ಪಾಪಮ್ಮನ ಮನೆಗೆ, ಆಮೇಲೆ ಹೇಳ್ತೀನಿ ಎಂದಳು. ಸೆರಗಿನಲ್ಲಿ ಸಣ್ಣ ಕತ್ತರಿ ಸುತ್ತಿಕೊಂಡಿದ್ದಳು. ಎಂಟು ಮನೆಯ ಹೆಸರು ನೆನಪಾಗಿತ್ತು. ಅದರಲ್ಲಿ ಮೂರು ಮನೆ ಈಗ ಇರಲಿಲ್ಲ.

ಪಾಪಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಮರಿ ನೋಡಲು ಅಕ್ಕ ಇಷ್ಟು ದೂರ ಬಂದಳೆಂದು ಅವಳಿಗೆ ಸಂತೋಷವೋ ಸಂತೋಷ. ನೀರು ಬೆಲ್ಲ ಕೊಟ್ಟು, ಒಳಗೆ ಹೋಗಿ ಒಲೆಯ ಪಕ್ಕ ಮಲಗಿದ್ದ ಹೆಣ್ಣು ಬೆಕ್ಕನ್ನು ಎರಡೂ ಕೈಯಲ್ಲಿ ಎತ್ತಿ ತಂದಳು. ಬೆಕ್ಕು ಬಡಕಲು. ಸರಿಯಾಗಿ ತಿನ್ನೋದೇ ಇಲ್ಲ, ನುಂಗೋಕೆ ಒದ್ದಾಡುತ್ತೆ, ಏನೋ ಹೊಟ್ಟೆ ಕೆಟ್ಟಿರಬೇಕು ಎಂದಳು. ಆಮೇಲೆ ಗದ್ದ ಎತ್ತಿ ಹಿಡಿದು, ಮುಖ ಅರಳಿಸಿಕೊಂಡು ತೋರಿಸಿದಳು.

"ನೋಡಕ್ಕ, ನೀನ್ ಕಟ್ಟಿದ್ದು ಹಂಗೇ ಐತೆ. ಒಂದ್ ಎಳೆನೂ ಬಿಟ್ಟಿಲ್ಲ."

ಮುನಿತಾಯಮ್ಮ ಬೆಕ್ಕನ್ನು ಮಡಿಲಿಗೆ ತೆಗೆದುಕೊಂಡಳು. ದಾರದ ಕೆಳಗೆ ಕಿರುಬೆರಳು ತೂರಿಸಲು ನೋಡಿದಳು, ತೂರಲಿಲ್ಲ. ಉಗುರು ಮಾತ್ರ ಹೋಯಿತು. ಸೆರಗು ಬಿಚ್ಚಿ ಕತ್ತರಿ ತೆಗೆದಾಗ ಪಾಪಮ್ಮ ಗಾಬರಿಯಾಗಿ, ಕೈ ಅಡ್ಡ ಹಿಡಿದು, ದೃಷ್ಟಿದಾರ ಕತ್ತರಿಸಬಾರದು, ಅದೂ ನಿನ್ನ ಕೈಯಿಂದ ಎಂದಳು.

"ನನ್ ಕೈಯಿಂದಾನೇ ಆಗ್ಬೇಕು. ಕಟ್ಟಿದ್ದು ತಪ್ಪಾಯ್ತು ಕಣೇ ಪಾಪಮ್ಮ."

ಹರ್ಷಿತ ಬೆಕ್ಕಿನ ಕಾಲು ಹಿಡಿದುಕೊಂಡಳು. ಮುನಿತಾಯಮ್ಮನ ಕಣ್ಣು ತುಂಬಿ ಎಳೆ ಎಲ್ಲಿದೆ ಕತ್ತು ಎಲ್ಲಿದೆ ತಿಳಿಯುತ್ತಿರಲಿಲ್ಲ, ಎರಡು ಸಲ ಕಣ್ಣು ಒರೆಸಿಕೊಳ್ಳಬೇಕಾಯಿತು. ಮೂರನೆಯ ಸಲಕ್ಕೆ ದಾರ ತುಂಡಾಗಿ ಮಡಿಲಿಗೆ ಬಿತ್ತು. ಬೆಕ್ಕು ಜಗಲಿಗೆ ಹಾರಿ, ಓಡಿಹೋಗದೆ ಅಲ್ಲೇ ಕೂತು, ಹಿಂಗಾಲಿನಿಂದ ಕತ್ತು ಕೆರೆದುಕೊಳ್ಳಲು ಶುರುಮಾಡಿತು. ಮೂವರೂ ನೋಡುತ್ತಾ ಕೂತರು. ಅದು ಕಣ್ಣು ಮುಚ್ಚಿಕೊಂಡು ಕೆರೆದುಕೊಳ್ಳುತ್ತಲೇ ಇತ್ತು.